ಹೃದಯ ರಿಪೇರಿ ಆಯ್ತು.. ಆಮೇಲೆ?



ಪೇಪರಿನಲ್ಲಿ ಆಗಾಗ ಬರುವ ಒಂದು ಫೋಟೋ ನಿಮಗೂ ಗೊತ್ತಿರುತ್ತೆ. ನಡುವೆ ಅಮ್ಮನ ಮಡಿಲಲ್ಲಿ ಪುಟ್ಟ ಮಗು, ಆಚೀಚೆ ಡಾಕ್ಟರುಗಳು, ಎಲ್ಲರ ಮುಖದಲ್ಲೂ ನಗು. ಕೆಳಗೆ 'ಹಸುಗೂಸಿಗೆ ಹೃದಯ ಶಸ್ತ್ರಚಿಕಿತ್ಸೆ ಯಶಸ್ವಿ' ಅನ್ನೋ ಸಾಲು. ನಿಜವಾಗಲೂ ಖುಷಿಪಡಬೇಕಾದ ಸುದ್ದಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುದ್ದಿ ಅಲ್ಲಿಗೇ ಮುಗಿದುಹೋಗುತ್ತಲ್ಲ, ಅದೇ ನನ್ನ ತಕರಾರು. ಆ ಮಗು ಎಂಟು ವರ್ಷದ್ದಾಗಿ ಮೂರನೇ ಕ್ಲಾಸಿನ ಬೆಂಚಿನ ಮೇಲೆ ಕೂತಾಗ ಏನಾಗುತ್ತೆ ಅಂತ ನೋಡೋಕೆ ಯಾರೂ ಕ್ಯಾಮೆರಾ ಹಿಡ್ಕೊಂಡು ಹೋಗಲ್ಲ.

ನಾನು ಹೇಳಹೊರಟಿರೋದು ಇಷ್ಟೇ. ಹುಟ್ಟಿನಿಂದಲೇ ಹೃದಯದ ದೊಡ್ಡ ತೊಂದರೆ ಇದ್ದು, ಹಸುಗೂಸಾಗಿದ್ದಾಗಲೇ ಆಪರೇಷನ್ ಆದ ಮಕ್ಕಳಲ್ಲಿ ಮುಂದೆ ಗಮನ, ನಡವಳಿಕೆ, ಓದು ಬರಹದ ತೊಂದರೆಗಳು ಉಳಿದ ಮಕ್ಕಳಿಗಿಂತ ಹೆಚ್ಚು. ಇದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಗೊತ್ತಾಗದೆ ಉಳಿದಿರೋದು ಮನೆಯವರಿಗೆ, ಮೇಷ್ಟ್ರುಗಳಿಗೆ. ಹಾಗಾಗಿ ಕಾಯಿಲೆ ಬಿಟ್ಟುಹೋದ ಬಾಲವನ್ನು ನೋಡಿ, ಹುಡುಗನೇ ಬಾಲ ಬಿಚ್ತಾ ಇದಾನೆ ಅಂತ ಅವನಿಗೆ ಬೈತಾ ಕೂತಿದೀವಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ದಿನವಿಡೀ ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋ ಸಾಫ್ಟ್‌ವೇರ್ ಪ್ರಾಣಿ. ಈ ವಿಷಯಕ್ಕೆ ಕೈ ಹಾಕಿದ್ದು ನಮ್ಮ ಅಕ್ಕನ ಮಗನಿಂದಾಗಿ. ಅವನನ್ನ ಇಲ್ಲಿ ಪುಟ್ಟ ಅಂತ ಕರೀತೀನಿ.

ಪುಟ್ಟ ಹುಟ್ಟಿದಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಹುಟ್ಟಿದ ದಿನ ಸಂಜೆಯೊಳಗೆ ತುಟಿ, ಉಗುರು ಎಲ್ಲ ನೀಲಿ. ಹೃದಯದಿಂದ ಹೊರಡೋ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿವೆ ಅಂದ್ರು. ಇಂಥ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಮೊದಲ ಹುಟ್ಟುಹಬ್ಬ ಕಾಣಲ್ಲ. ಆ ನಾಳಗಳನ್ನ ಕತ್ತರಿಸಿ ಸರಿಯಾದ ಜಾಗಕ್ಕೆ ಜೋಡಿಸೋ ಆಪರೇಷನ್ನನ್ನ ಮೊದಲು ಯಶಸ್ವಿಯಾಗಿ ಮಾಡಿದ್ದು 1975ರಲ್ಲಿ, ಬ್ರೆಜಿಲ್ಲಿನ ಆಡಿಬ್ ಜಟೇನೆ ಅನ್ನೋ ಸರ್ಜನ್. ಅಂದ್ರೆ ನಮ್ಮ ಅಜ್ಜಿಯ ಕಾಲದಲ್ಲಿ ಪುಟ್ಟ ಹುಟ್ಟಿದ್ದಿದ್ರೆ ಉಳೀತಾನೇ ಇರಲಿಲ್ಲ. ಈಗ? ಒಂಬತ್ತನೇ ದಿನ ಆಪರೇಷನ್ ಆಯ್ತು, ಮೂರು ವಾರಕ್ಕೆ ಮನೆಗೆ ಬಂದ. ಪ್ರತಿ ವರ್ಷ ಎಕೋ, ಇಸಿಜಿ. ಪ್ರತಿ ವರ್ಷವೂ ಅದೇ ಮಾತು: "ಹಾರ್ಟ್ ಫಸ್ಟ್ ಕ್ಲಾಸ್ ಇದೆ, ಮುಂದಿನ ವರ್ಷ ಬನ್ನಿ."

ಹಾರ್ಟ್ ನಿಜಕ್ಕೂ ಫಸ್ಟ್ ಕ್ಲಾಸೇ. ಹುಡುಗ ಓಡ್ತಾನೆ, ಸೈಕಲ್ ಹೊಡೀತಾನೆ, ಮರ ಹತ್ತಿ ಅಕ್ಕನ ಎದೆ ಒಡೆಸ್ತಾನೆ :) ಆದರೆ ಒಂದನೇ ಕ್ಲಾಸಿಗೆ ಹೋದಾಗಿನಿಂದ ಡೈರಿ ತುಂಬ ಕೆಂಪು ಇಂಕು. ಕೂತಲ್ಲಿ ಕೂರಲ್ಲ. ಬೋರ್ಡ್ ಮೇಲಿನದ್ದು ಅರ್ಧ ಬರೆದು ಬಿಡ್ತಾನೆ. ತಿಂಗಳಿಗೆ ಎರಡು ಜಾಮಿಟ್ರಿ ಬಾಕ್ಸ್ ಕಳೀತಾನೆ. ಯಾರಾದ್ರೂ ಏನಾದ್ರೂ ಅಂದ್ರೆ ಮೈಮೇಲೆ ಬಂದವರ ಹಾಗೆ ಸಿಟ್ಟು. ಮೂರನೇ ಕ್ಲಾಸಿನ ಹೊತ್ತಿಗೆ ಹುಡುಗ ಒಂದು ಉಪಾಯ ಕಂಡುಕೊಂಡಿದ್ದ. ಮನೆಗೆ ಬಂದ ತಕ್ಷಣ ಡೈರಿಯನ್ನ ಅಕ್ಕಿ ಡ್ರಮ್ಮಿನೊಳಗೆ ಹೂತಿಡೋದು. ಒಂದು ದಿನ ಅನ್ನಕ್ಕೆ ಅಕ್ಕಿ ತೆಗೆಯೋಕೆ ಹೋದ ಅಕ್ಕನ ಕೈಗೆ ಅದು ಸಿಕ್ತು. ಹನ್ನೊಂದು ದಿನದ ಸಹಿ ಬಾಕಿ ಇತ್ತು. ಕೊನೆಯ ಪುಟದಲ್ಲಿ, ಬಂದು ಪ್ರಿನ್ಸಿಪಾಲರನ್ನ ನೋಡಿ ಅಂತ. ನೋಡೋಕೆ ಹೋದಾಗ ಅವರು ಮೆತ್ತಗೆ ಹೇಳಿದ್ದು, ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡ್ಕೊಂಡ್ರೆ ಒಳ್ಳೇದು ಅಂತ.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ತೀರ್ಪು. ಅಮ್ಮನ ಪ್ರಕಾರ "ಆಪರೇಷನ್ ಆದ ಮಗು ಅಂತ ಮುದ್ದು ಮಾಡಿ ಮಾಡಿ ನೀವೇ ಕೆಡಿಸಿದ್ರಿ." ಭಾವನ ಕಡೆಯವರ ಪ್ರಕಾರ "ಎರಡು ಬಿಟ್ರೆ ಸರಿ ಹೋಗ್ತಾನೆ." ಪಕ್ಕದ ಮನೆಯವರು ಮೊಬೈಲ್ ಅಂದ್ರು. ಇನ್ಯಾರೋ ದೃಷ್ಟಿ ಅಂದ್ರು. ಅಕ್ಕ ಮಾತ್ರ ಏನೂ ಅನ್ನದೆ ಹಳೇ ಪ್ರಶ್ನೆಗೇ ವಾಪಸ್ ಹೋದಳು. ಬಸುರಿಯಾಗಿದ್ದಾಗ ನಾನೇನು ತಿಂದೆ, ಏನು ಮಾಡಿದೆ, ಯಾಕೆ ಹೀಗಾಯ್ತು.. ಒಂಬತ್ತು ವರ್ಷದ ಹಿಂದೆ ಐಸಿಯು ಮುಂದೆ ಕೂತು ಕೇಳಿಕೊಳ್ತಿದ್ದ ಪ್ರಶ್ನೆಯದು.

ಕೊನೆಗೆ ಉತ್ತರ ಕೊಟ್ಟವರು ಮಕ್ಕಳ ಮನೋವೈದ್ಯೆಯೊಬ್ಬರು. ಪುಟ್ಟನ ಪೂರ್ವಾಪರ ಕೇಳ್ತಾ, ಹೃದಯದ ಆಪರೇಷನ್ ಅಂದ ಕೂಡಲೇ ಪೆನ್ನು ಕೆಳಗಿಟ್ರಂತೆ. "ಎಷ್ಟನೇ ದಿನಕ್ಕೆ ಆಯ್ತು? ಅಲ್ಲೀವರೆಗೂ ಮಗು ನೀಲಿಯಾಗೇ ಇತ್ತಾ? ಐಸಿಯುನಲ್ಲಿ ಎಷ್ಟು ದಿನ?" ಅಂತ ಕೇಳಿದ್ರಂತೆ. ಈ ಎಲ್ಲ ವರ್ಷಗಳಲ್ಲಿ ಶಾಲೆಯ ವಿಷಯವನ್ನೂ ಹೃದಯದ ವಿಷಯವನ್ನೂ ಒಂದೇ ಉಸಿರಲ್ಲಿ ಕೇಳಿದ ಮೊದಲ ಮನುಷ್ಯ ಅವರು.

ಅವತ್ತಿನಿಂದ ನಾನು ಓದೋಕೆ ಶುರು ಮಾಡಿದೆ. ಓದಿದ್ದನ್ನ ನನಗೆ ತಿಳಿದ ಹಾಗೆ ಹೇಳ್ತೀನಿ.

ಹೊಟ್ಟೆಯಲ್ಲಿರೋ ಮಗುವಿಗೆ ಆಮ್ಲಜನಕ ಬರೋದು ಅದರ ಶ್ವಾಸಕೋಶದಿಂದ ಅಲ್ಲ, ತಾಯಿಯ ಮಾಸಿನಿಂದ. ಪ್ರಕೃತಿ ಅಲ್ಲೊಂದು ಒಳ್ಳೆ ವ್ಯವಸ್ಥೆ ಮಾಡಿದೆ. ಮಾಸಿನಿಂದ ಬರೋ ಒಳ್ಳೇ ರಕ್ತ ಹೃದಯದ ಬಲಭಾಗಕ್ಕೆ ಬಂದು, ನಡುವಿನ ಒಂದು ಕಿಂಡಿಯ ಮೂಲಕ ಎಡಭಾಗಕ್ಕೆ ದಾಟಿ, ಅಲ್ಲಿಂದ ಮೇಲಕ್ಕೆ ಮಿದುಳಿಗೆ ಹೋಗುತ್ತೆ. ಮನೆಯಲ್ಲಿ ಮೊದಲ ಬಡಿಸುವಿಕೆ ಹಸಿದ ಕೂಸಿಗೆ ಅನ್ನೋ ಹಾಗೆ, ಒಳ್ಳೆಯದು ಮೊದಲು ಮಿದುಳಿಗೆ. ನಾಳಗಳು ಅದಲುಬದಲಾದರೆ ಈ ಲೆಕ್ಕವೇ ತಿರುಗುಮುರುಗು. ಒಳ್ಳೇ ರಕ್ತ ಇನ್ನೂ ಕೆಲಸವೇ ಶುರು ಮಾಡದ ಶ್ವಾಸಕೋಶದ ಕಡೆಗೆ, ದೇಹದ ಕೆಳಭಾಗಕ್ಕೆ. ಆಮ್ಲಜನಕ ಕಮ್ಮಿ ಇರೋ ರಕ್ತ ಮಿದುಳಿಗೆ. ಮಿದುಳು ಅತಿ ವೇಗವಾಗಿ ಬೆಳೆಯೋ ಕೊನೆಯ ಮೂರು ತಿಂಗಳೂ ಹೀಗೇ.

2007ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ದಿನ ತುಂಬಿಯೇ ಹುಟ್ಟಿದ, ಹೃದಯದ ದೊಡ್ಡ ದೋಷವಿದ್ದ 41 ಶಿಶುಗಳ ಮಿದುಳನ್ನ ಎಂಆರ್‌ಐ ಮಾಡಿ ನೋಡಿದ್ರು. ಅವುಗಳ ಮಿದುಳು ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳ ಮಿದುಳಿನ ಹಾಗೆ ಕಾಣಿಸ್ತು. 2009ರಲ್ಲಿ ಬಂದ ಇನ್ನೊಂದು ಅಧ್ಯಯನ ಈ ಹಿಂದುಳಿಕೆಯನ್ನ ಸುಮಾರು ಒಂದು ತಿಂಗಳು ಅಂತ ಲೆಕ್ಕ ಹಾಕಿತು. ನೆನಪಿಡಿ, ಇದೆಲ್ಲ ಕಂಡದ್ದು ಆಪರೇಷನ್ ಥಿಯೇಟರಿಗೆ ಕರೆದೊಯ್ಯೋ ಮೊದಲೇ. ಸರ್ಜನ್ನಿನ ಕತ್ತಿ ತಾಗೋ ಮೊದಲೇ.

ಇದನ್ನೋದಿದ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ನೀನು ತಿಂದಿದ್ದರಿಂದ ಅಲ್ಲ, ನೀನು ಮುದ್ದು ಮಾಡಿದ್ದರಿಂದಲೂ ಅಲ್ಲ. ಆ ಕಡೆಯಿಂದ ಸುಮಾರು ಹೊತ್ತು ಮಾತೇ ಬರಲಿಲ್ಲ.

ಇನ್ನು ಆಪರೇಷನ್ನಿನ ಭಾಗ. ಆಪರೇಷನ್ ಮಾಡುವಾಗ ಹೃದಯ ನಿಲ್ಲಿಸಬೇಕು. ಆಗ ಮಿದುಳನ್ನ ಕಾಪಾಡೋದು ಹೇಗೆ? 1988ರಿಂದ 1992ರವರೆಗೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ, ಪುಟ್ಟನದ್ದೇ ತೊಂದರೆ ಇದ್ದ 171 ಶಿಶುಗಳನ್ನ ಎರಡು ಗುಂಪು ಮಾಡಿದ್ರು. ಒಂದು ಗುಂಪಿನಲ್ಲಿ ಮೈಯನ್ನ ತುಂಬಾ ತಣ್ಣಗೆ ಮಾಡಿ ರಕ್ತಸಂಚಾರವನ್ನ ಸ್ವಲ್ಪ ಹೊತ್ತು ಪೂರ್ತಿ ನಿಲ್ಲಿಸಿ ಆಪರೇಷನ್. ಇನ್ನೊಂದರಲ್ಲಿ ಯಂತ್ರದ ಮೂಲಕ ಸಣ್ಣಗೆ ರಕ್ತ ಹರಿಸ್ತಾ ಆಪರೇಷನ್. ಒಂದು ವರ್ಷಕ್ಕೆ ನೋಡಿದಾಗ ರಕ್ತ ನಿಲ್ಲಿಸಿದ ಗುಂಪಿನ ಮಕ್ಕಳು ಕೈಕಾಲಿನ ಚಟುವಟಿಕೆಯಲ್ಲಿ ಹಿಂದಿದ್ರು. ಓಹೋ, ತಪ್ಪು ಸಿಕ್ತು ಅಂತ ಎಲ್ಲರಿಗೂ ಅನ್ನಿಸಿರಬೇಕು. ನಮ್ಮ ಕೆಲಸದಲ್ಲಾದ್ರೆ ಅಲ್ಲಿಗೆ ಟಿಕೆಟ್ ಮುಚ್ಚಿ ಮನೆಗೆ ಹೋಗ್ತಿದ್ವಿ.

ಅವರು ಮುಚ್ಚಲಿಲ್ಲ. ಅದೇ ಮಕ್ಕಳನ್ನ ನಾಲ್ಕು ವರ್ಷಕ್ಕೆ, ಎಂಟು ವರ್ಷಕ್ಕೆ, ಹದಿನಾರು ವರ್ಷಕ್ಕೆ ಮತ್ತೆ ಮತ್ತೆ ಕರೆದು ನೋಡಿದ್ರು. ಹದಿನಾರಕ್ಕೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಎರಡೂ ಗುಂಪಿನ ಮಕ್ಕಳು ಗಮನ, ನೆನಪು, ಕೆಲಸ ಯೋಜಿಸೋದು, ಎದುರಿನವರ ಮನಸ್ಸು ಅರ್ಥ ಮಾಡಿಕೊಳ್ಳೋದು ಇಂಥದ್ದರಲ್ಲಿ ಹಿಂದಿದ್ರು. 2011ರಲ್ಲಿ ಬಂದ ಆ ವರದಿಯ ಪ್ರಕಾರ ಶೇ. 65 ಮಕ್ಕಳಿಗೆ ಓದಿಗೋ ನಡವಳಿಕೆಗೋ ಒಂದಲ್ಲ ಒಂದು ವಿಶೇಷ ನೆರವು ಬೇಕಾಗಿತ್ತು. 2014ರ ಇನ್ನೊಂದು ವರದಿಯಲ್ಲಿ, ಹದಿಹರೆಯದೊಳಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದವರು ಇವರಲ್ಲಿ ಶೇ. 35, ಹೋಲಿಕೆಗೆ ತೆಗೆದುಕೊಂಡ ಮಕ್ಕಳಲ್ಲಿ ಶೇ. 20. ಎಡಿಎಚ್‌ಡಿ ಅಂತ ಕರೀತಾರಲ್ಲ, ಆ ಗಮನದ ತೊಂದರೆ ಎರಡು ಪಟ್ಟಿಗೂ ಹೆಚ್ಚು.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಈ ಮಕ್ಕಳು ದಡ್ಡರಲ್ಲ. ಎಂಟು ವರ್ಷಕ್ಕೆ ನೋಡಿದಾಗ ಇವರ ಸರಾಸರಿ ಐಕ್ಯು ಹೆಚ್ಚುಕಮ್ಮಿ ಎಲ್ಲರಷ್ಟೇ ಇತ್ತು. ತೊಂದರೆ ಆಗೋದೇ ಅಲ್ಲಿ. ಬುದ್ಧಿ ಕಮ್ಮಿ ಇದ್ರೆ ಯಾರಾದ್ರೂ ಗಮನಿಸ್ತಾರೆ, ಕನಿಕರವನ್ನಾದ್ರೂ ತೋರಿಸ್ತಾರೆ. ಬುದ್ಧಿ ಇದ್ದೂ ಬ್ಯಾಗ್ ಜೋಡಿಸಿಕೊಳ್ಳೋಕೆ ಬರದಿದ್ರೆ, ಐದು ಲೆಕ್ಕದಲ್ಲಿ ಮೂರಕ್ಕೇ ಎದ್ದು ಹೋದ್ರೆ, ಅದಕ್ಕೆ ನಮ್ಮಲ್ಲಿರೋ ಹೆಸರುಗಳು ಸೋಮಾರಿ, ತಲೆಹರಟೆ, ಪೋಕರಿ. ಒಂಬತ್ತು ವರ್ಷಕ್ಕೇ ಈ ಮೂರನ್ನೂ ಸಾವಿರ ಸಲ ಕೇಳಿದ ಹುಡುಗ ಹದಿನಾರಕ್ಕೆ ನಿಜವಾಗಲೂ ಹಾಗೇ ಆದರೆ ಆಶ್ಚರ್ಯ ಏನಿದೆ?

ಅಮೆರಿಕದ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಇದರ ಬಗ್ಗೆ ಒಂದು ಹೇಳಿಕೆ ಹೊರಡಿಸಿದೆ. ಹಸುಗೂಸಿನಲ್ಲಿ ತೆರೆದ ಹೃದಯದ ಆಪರೇಷನ್ ಆದವರು, ನೀಲಿಗಟ್ಟುವ ಹೃದ್ರೋಗ ಇರುವವರು ಇಂಥ ಹೆಚ್ಚು ಅಪಾಯದ ಮಕ್ಕಳನ್ನ 12 ರಿಂದ 24 ತಿಂಗಳೊಳಗೆ ಒಮ್ಮೆ, 3 ರಿಂದ 5 ವರ್ಷದೊಳಗೆ ಒಮ್ಮೆ, 11-12ನೇ ವಯಸ್ಸಿಗೆ ಇನ್ನೊಮ್ಮೆ ಬೆಳವಣಿಗೆ, ಕಲಿಕೆ, ನಡವಳಿಕೆಗಾಗಿಯೇ ಪರೀಕ್ಷಿಸಬೇಕು ಅಂತ. 2024ರಲ್ಲಿ ಅದನ್ನ ಹೊಸ ಮಾಹಿತಿಯೊಂದಿಗೆ ಪರಿಷ್ಕರಿಸಿದಾರೆ. ಪುಟ್ಟ ಹುಟ್ಟುವ ಹೊತ್ತಿಗೇ ಮೊದಲ ಹೇಳಿಕೆ ಬಂದು ನಾಲ್ಕು ವರ್ಷ ದಾಟಿತ್ತು. ಡಿಸ್ಚಾರ್ಜ್ ಕಾರ್ಡಿನಲ್ಲಿ ಹಲ್ಲಿನ ಬಗ್ಗೆ ಕೂಡ ಇದೆ, ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬಗ್ಗೆ ಕೇಳಿ ಅಂತ. ಶಾಲೆಯ ಬಗ್ಗೆ ಒಂದು ಸಾಲೂ ಇಲ್ಲ.

ನಮ್ಮಲ್ಲಿ ಇದಕ್ಕೆ ದಾರಿಯೇ ಇಲ್ಲ ಅಂತೇನಿಲ್ಲ. 2013ರಲ್ಲಿ ಶುರುವಾದ ಕೇಂದ್ರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆಯಲ್ಲ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹಲವು ತೊಂದರೆಗಳನ್ನ ಹುಡುಕೋದು ಅದರ ಕೆಲಸ. ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ತಂಡ ಬರಬೇಕು. ಆ ಪಟ್ಟಿಯಲ್ಲಿ ಹುಟ್ಟಿನಿಂದ ಬರುವ ಹೃದ್ರೋಗವೂ ಇದೆ, ಎಡಿಎಚ್‌ಡಿ, ಕಲಿಕೆಯ ತೊಂದರೆಯೂ ಇದೆ. ಎಷ್ಟೋ ಬಡವರ ಮಕ್ಕಳ ಹೃದಯದ ಆಪರೇಷನ್ ಈ ಯೋಜನೆಯಲ್ಲೇ ಪುಕ್ಕಟೆ ಆಗಿದೆ. ಒಂದೇ ಕಾಗದದ ಮೇಲೆ ಎರಡೂ ಇವೆ. ಮೊದಲನೆಯದಕ್ಕೆ ಟಿಕ್ ಬಿದ್ದ ಮಗುವಿಗೆ ಎರಡನೆಯದನ್ನ ತಪ್ಪದೆ ನೋಡಿ ಅಂತ ಒಂದು ಬಾಣದ ಗುರುತು ಹಾಕೋಕೆ ಎಷ್ಟು ಖರ್ಚಾಗುತ್ತೆ ಹೇಳಿ? ಖಾಸಗಿ ಶಾಲೆಯ ಮಕ್ಕಳಿಗಂತೂ ಆ ತಂಡವೂ ಬರಲ್ಲ. ದುಡ್ಡು ಕಟ್ಟಿದವರಿಗೆ ಇದೊಂದು ಮಟ್ಟಿಗೆ ನಷ್ಟವೇ.

ಈಗ ನೀವು ಎತ್ತಬಹುದಾದ ಆಕ್ಷೇಪಗಳಿಗೆ ಬರ್ತೀನಿ.

ಒಂದು, "ಮಗುವಿಗೆ ಸುಮ್ಮನೆ ಒಂದು ಹಣೆಪಟ್ಟಿ ಯಾಕೆ?" ಸ್ವಾಮಿ, ಹಣೆಪಟ್ಟಿ ಆಗಲೇ ಇದೆಯಲ್ಲ! ತಲೆಹರಟೆ ಅನ್ನೋದೂ ಹಣೆಪಟ್ಟಿಯೇ. ವ್ಯತ್ಯಾಸ ಇಷ್ಟೇ, ಅದರಿಂದ ಏಟು ಸಿಗುತ್ತೆ, ಇದರಿಂದ ನೆರವು ಸಿಗುತ್ತೆ.

ಎರಡು, "ಜೀವ ಉಳಿದಿದೆಯಲ್ಲ, ಇನ್ನೇನು ಬೇಕು?" ಈ ಮಾತನ್ನ ಹಿರಿಯರಿಂದ ತುಂಬಾ ಕೇಳಿದೀನಿ. ಅವರ ಕೃತಜ್ಞತೆ ನನಗೆ ಅರ್ಥ ಆಗುತ್ತೆ. ಆದರೆ ಜೀವ ಉಳಿಸಿದ್ದು ಯಾತಕ್ಕೆ? ಆ ಜೀವ ಅರವತ್ತು ಎಪ್ಪತ್ತು ವರ್ಷ ಬಾಳಲಿ ಅಂತ ತಾನೇ? ಬಾಳೋದು ಅಂದ್ರೆ ಶಾಲೆಗೆ ಹೋಗೋದೂ ಸೇರುತ್ತೆ.

ಮೂರು, "ಆಪರೇಷನ್ ಹೊತ್ತಿನಲ್ಲಿ ಇದನ್ನೆಲ್ಲ ಹೇಳಿ ಹೆತ್ತವರನ್ನ ಇನ್ನಷ್ಟು ಹೆದರಿಸಬೇಕಾ?" ಬೇಡ, ಖಂಡಿತ ಬೇಡ. ಐಸಿಯು ಮುಂದೆ ನಿಂತವರಿಗೆ ಮೂರನೇ ಕ್ಲಾಸಿನ ಚಿಂತೆ ಯಾಕೆ. ಆದರೆ ಮಗುವಿಗೆ ಒಂದು ವರ್ಷ ಆದಾಗ, ಮೂರು ವರ್ಷ ಆದಾಗ, ಎಕೋ ಮಾಡಿಸೋಕೆ ಬರ್ತಾರಲ್ಲ, ಆಗ "ಮಾತು ಬಂತಾ? ಶಾಲೆಗೆ ಸೇರಿಸಿದ್ರಾ? ಟೀಚರ್ ಏನಂತಾರೆ?" ಅಂತ ಕೇಳೋಕೆ ಅರ್ಧ ನಿಮಿಷ ಸಾಕು. ಹೊರರೋಗಿ ವಿಭಾಗದ ಸಾಲು ಎಷ್ಟುದ್ದ ಇರುತ್ತೆ ಅನ್ನೋದು ನಾನೂ ನೋಡಿದೀನಿ. ಡಾಕ್ಟರಿಗೆ ಪುರುಸೊತ್ತಿಲ್ಲ ಅಂದ್ರೆ ನರ್ಸ್ ಕೇಳಲಿ, ಇಲ್ಲಾಂದ್ರೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ.

ನಾಲ್ಕು, "ಹೃದಯದ ಮಗುವಿಗೆ ಗಮನದ ಮಾತ್ರೆ ಕೊಟ್ರೆ ಏನಾದ್ರೂ ಆದ್ರೆ?" ಇದು ನ್ಯಾಯವಾದ ಭಯ. ಆ ಮಾತ್ರೆಗಳಿಂದ ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಏರೋದು ನಿಜ. 2011ರಲ್ಲಿ ಅಮೆರಿಕದಲ್ಲಿ 2 ರಿಂದ 24 ವಯಸ್ಸಿನ ಸುಮಾರು 12 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನದಲ್ಲಿ, ಇವುಗಳಿಂದ ಗಂಭೀರ ಹೃದಯದ ಅನಾಹುತ ಹೆಚ್ಚಿದ್ದು ಕಂಡಿಲ್ಲ. ಹಾಗಂತ ಆಪರೇಷನ್ ಆದ ಮಗುವಿಗೆ ಅದನ್ನೇ ಗ್ಯಾರಂಟಿ ಅಂದುಕೊಳ್ಳೋದು ತಪ್ಪು. ಅಲ್ಲಿ ಹೃದಯದ ಡಾಕ್ಟರ್ ಮತ್ತು ಮನಸ್ಸಿನ ಡಾಕ್ಟರ್ ಇಬ್ಬರೂ ಒಟ್ಟಿಗೆ ಮಾತಾಡಿ ತೀರ್ಮಾನ ಮಾಡಬೇಕು. ಮಾತ್ರೆ ಇಲ್ಲದೆಯೂ ಮಾಡಬಹುದಾದದ್ದು ಬೇಕಾದಷ್ಟಿದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಸಣ್ಣ ರಂಧ್ರ ಇದ್ದು ತಾನಾಗೇ ಮುಚ್ಚಿಕೊಂಡ ಮಕ್ಕಳಿಗೂ ಇದಕ್ಕೂ ಹೋಲಿಸಬೇಡಿ, ಅಪಾಯ ಹೆಚ್ಚಿರೋದು ದೊಡ್ಡ ದೋಷಗಳಲ್ಲಿ. ಅಂಥವರಲ್ಲೂ ಎಷ್ಟೋ ಮಕ್ಕಳು ಯಾವ ತೊಂದರೆಯೂ ಇಲ್ಲದೆ ಬೆಳೆದು ಉದ್ಯೋಗ, ಸಂಸಾರ ಅಂತ ಆರಾಮಾಗಿದಾರೆ. ತುಂಟ ಮಕ್ಕಳಿಗೆಲ್ಲ ಎಕೋ ಮಾಡಿಸಿ ಅಂತಾನೂ ನಾನು ಹೇಳ್ತಿಲ್ಲ! ಹೃದಯದ ತೊಂದರೆಯೊಂದೇ ಕಾರಣ ಅನ್ನೋದೂ ಸರಿಯಲ್ಲ. ವಾರಗಟ್ಟಲೆ ಆಸ್ಪತ್ರೆ, ಹೆತ್ತವರ ಆತಂಕ, ಅತಿಯಾದ ಜೋಪಾನ, ಇವೆಲ್ಲವೂ ಸೇರಿರುತ್ತೆ. ನಮ್ಮ ಕಡೆ ಇನ್ನೂ ಒಂದು ಸೇರುತ್ತೆ. ಸಾವಿರಕ್ಕೆ ಎಂಟೊಂಬತ್ತು ಮಕ್ಕಳು ಹೃದಯದ ದೋಷದೊಂದಿಗೆ ಹುಟ್ತಾರೆ, ದೇಶದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಅನ್ನೋ ಅಂದಾಜಿದೆ. ಅದರಲ್ಲಿ ಎಷ್ಟೋ ಮಕ್ಕಳ ಕಾಯಿಲೆ ಗೊತ್ತಾಗೋದೇ ತಡವಾಗಿ. ಹಳ್ಳಿಯಲ್ಲಿ ನಾಲ್ಕೈದು ವರ್ಷ ನೀಲಿಯಾಗೇ ಬೆಳೆದು ಆಮೇಲೆ ಆಪರೇಷನ್ ಆಗೋ ಮಕ್ಕಳಿದಾರೆ. ಒಂಬತ್ತನೇ ದಿನಕ್ಕೇ ಆಪರೇಷನ್ ಆದ ಪುಟ್ಟನ ಕಥೆ ಹೀಗಾದ್ರೆ ಅವರದ್ದು ಹೇಗಿರಬೇಡ? 'ಅದೆಲ್ಲ ಬಾಸ್ಟನ್ನಿನ ಮಾತು' ಅಂತ ತಳ್ಳಿಹಾಕುವವರು ಇದನ್ನ ಯೋಚಿಸಬೇಕು.

ಪುಟ್ಟನ ವಿಷಯದಲ್ಲಿ ಪವಾಡ ಏನೂ ಆಗಿಲ್ಲ. ಅಕ್ಕ ಆ ವರದಿ ಹಿಡ್ಕೊಂಡು ಶಾಲೆಗೆ ಹೋದಳು. ಅವನ ಕ್ಲಾಸ್ ಟೀಚರ್ ಓದಿ, "ಇದನ್ನ ಮೊದಲೇ ಹೇಳಿದ್ದಿದ್ರೆ ನಾನು ಇಷ್ಟು ಬೈತಾನೇ ಇರಲಿಲ್ಲ ಕಣಮ್ಮ" ಅಂದ್ರಂತೆ. ಈಗ ಮೊದಲ ಬೆಂಚು. ಹೋಮ್‌ವರ್ಕ್ ಒಟ್ಟಿಗೆ ಹೇಳೋ ಬದಲು ತುಂಡು ತುಂಡು ಮಾಡಿ ಬರೆದು ಕೊಡ್ತಾರೆ. ನಡುನಡುವೆ ಬೋರ್ಡ್ ಒರೆಸೋ ಕೆಲಸ, ಎದ್ದು ಓಡಾಡಲಿ ಅಂತ. ಬಾಗಿಲ ಹಿಂದೆ ಬ್ಯಾಗಿಗೆ ಏನೇನು ಹಾಕಬೇಕು ಅನ್ನೋ ಪಟ್ಟಿ ಅಂಟಿಸಿದಾರೆ. ಜಾಮಿಟ್ರಿ ಬಾಕ್ಸ್ ಈಗಲೂ ಕಳೆಯುತ್ತೆ. ಆದರೆ ಡೈರಿ ಅಕ್ಕಿ ಡ್ರಮ್ಮಿಗೆ ಹೋಗ್ತಿಲ್ಲ. ಬೇರೆ ಶಾಲೆ ನೋಡೋ ಮಾತು ಈ ವರ್ಷದ ಮಟ್ಟಿಗೆ ನಿಂತಿದೆ. ಮುಂದಿನ ವರ್ಷ ಬೇರೆ ಟೀಚರ್ ಬರ್ತಾರೆ, ಅವರಿಗೆ ಮತ್ತೆ ಮೊದಲಿನಿಂದ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ರ ಪಟ್ಟಿಯಲ್ಲಿ ಕಲಿಕೆಯ ತೊಂದರೆಗೆ ಜಾಗ ಇದೆ, ಎಡಿಎಚ್‌ಡಿಗೆ ಬೇರೆಯಾಗಿ ಜಾಗ ಇಲ್ಲ. ಹಾಗಾಗಿ ಸದ್ಯಕ್ಕೆ ಎಲ್ಲವೂ ಆಯಾ ಟೀಚರಿನ ಒಳ್ಳೇತನದ ಮೇಲೆ ನಿಂತಿದೆ. ಒಳ್ಳೇತನವನ್ನೇ ನಂಬಿಕೊಂಡು ಹನ್ನೆರಡು ವರ್ಷದ ಶಾಲೆ ಮುಗಿಸೋದು ಕಷ್ಟ.

ಕೊನೆಯದಾಗಿ ನಿಮ್ಮೆಲ್ಲರ ಹತ್ತಿರ ಒಂದು ಕೇಳಿಕೆ. ಇದನ್ನೆಲ್ಲ ಓದೋಕೆ ಕೂತಾಗ ಕನ್ನಡದಲ್ಲಿ ಹುಡುಕಿದೆ. ನನಗೆ ಸಿಕ್ಕಿದ್ದು 'ಹೃದಯದ ಆರೋಗ್ಯಕ್ಕೆ ಹತ್ತು ಹಣ್ಣುಗಳು' ಥರದ ಪುಟಗಳು. ನನಗೆ ಇಂಗ್ಲಿಷ್ ಬರುತ್ತೆ, ರಾತ್ರಿ ಕೂತು ಓದೋ ಅನುಕೂಲ ಇದೆ. ಮಗುವನ್ನ ಎತ್ತಿಕೊಂಡು ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿಗೆ ಬರೋ ತಾಯಿಗೆ? ನಮ್ಮ ನಡುವೆ ಡಾಕ್ಟರ್ ಬ್ಲಾಗಿಗರಿದೀರಿ, ಮೇಷ್ಟ್ರುಗಳಿದೀರಿ. ದಯವಿಟ್ಟು ಬರೀರಿ. ನಾನು ಎಲ್ಲಾದ್ರೂ ಎಡವಿದ್ರೆ ತಿದ್ದಿ.

ಅಂದಹಾಗೆ ಒಂದು ಪದಕ್ಕೂ ತಡಕಾಡ್ತಾ ಇದೀನಿ. ಕೆಲಸವನ್ನ ಯೋಜಿಸೋದು, ಶುರು ಮಾಡೋದು, ನಡುವೆ ಮನಸ್ಸು ಹರಿಯದಂತೆ ತಡೆಯೋದು, ಮುಗಿಸೋದು, ಇವೆಲ್ಲ ಸೇರಿ ಮಿದುಳಿನ ಒಂದು ಸಾಮರ್ಥ್ಯ. ಇಂಗ್ಲಿಷಿನವರು ಎಕ್ಸಿಕ್ಯೂಟಿವ್ ಫಂಕ್ಷನ್ ಅಂತಾರೆ. 'ಕಾರ್ಯನಿರ್ವಾಹಕ ಕ್ರಿಯೆ' ಅಂದ್ರೆ ತಾಲ್ಲೂಕು ಪಂಚಾಯಿತಿ ನೆನಪಾಗುತ್ತೆ :) ನನ್ನಮ್ಮನಿಗೆ ಅರ್ಥ ಆಗುವಂಥ ಒಂದು ಪದ ಬೇಕು. "ಮುದ್ದು ಮಾಡಿ ಕೆಡಿಸಿದ್ರಿ" ಅನ್ನೋ ಬಾಯಲ್ಲಿ ಆ ಪದ ಕೂರಬೇಕು. ಹೊಳೆದರೆ ಕೆಳಗೆ ಬರೆದು ಹೋಗಿ.

ಮತ್ತೆ ಸಿಗೋಣ.